ಟರ್ಬೊ ತಣಿಯುವ ಒಂದು ನಿಮಿಷ

ಕಾರಿದ್ದವನು ಆ ರಾತ್ರಿ ನಡೆದು ಹೋಗಿದ್ದ. ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಜನವಾಡದ ಗೋರಖನಾಥ. ನಮ್ಮ ಓಣಿಯವನೇ, ನಮ್ಮ ಮನೆಯಿಂದ ಮೂರನೇ ಬಾಗಿಲು. ಎರಡು ನೀರಿನ ಟ್ಯಾಂಕರ್ ಇಟ್ಟವನು. ಎರಡು ಸಾವಿರದ ಹದಿನಾರರ ಬೇಸಿಗೆ ಅದು... ಮಾಂಜ್ರಾ ನದಿಯಲ್ಲಿ ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡಿದ ವರ್ಷ. ಜನ ಗಂಟು ಮೂಟೆ ಕಟ್ಟಿ ಹೈದರಾಬಾದಿಗೆ, ಪುಣೆಗೆ ಗುಳೆ ಹೊರಟಿದ್ದರು. ಅವನ ಟ್ಯಾಂಕರ್‌ಗಳು ಮಾತ್ರ ಹಗಲೂ ರಾತ್ರಿ ಓಡುತ್ತಿದ್ದವು. ಅದೇ ವರ್ಷ ಅವನು ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್ ತಂದ. ಕಡುನೀಲಿ ಬಣ್ಣ. ಊರ ಅಗಸಿ ಬಾಗಿಲು ದಾಟುವಾಗ ಅದರ ಸದ್ದು ಕೇಳಿಯೇ ಜನ "ಗೋರಖ ಬಂದ" ಅನ್ನುತ್ತಿದ್ದರು.

ಅಂಥವನು ರಾತ್ರಿ ಹನ್ನೊಂದರ ಮೇಲೆ ಕಾರನ್ನು ಮನೆ ಮುಂದೆಯೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಔರಾದ್ ರಸ್ತೆಗೆ ಬಿದ್ದ.

ಊರು ಬಿಟ್ಟು ಒಂದು ಮೈಲಿಗೆ ಆಲದ ಮರವಿದೆ. ಮರದ ಹಿಂದೆ ಹಳೇ ಕಲ್ಲಿನ ಬಾವಿ. ಆ ವರ್ಷ ತಳ ಕಂಡಿತ್ತು. ಗೋರಖನಾಥ ಬಾವಿ ಕಟ್ಟೆಗೆ ಹೊಟ್ಟೆ ಆನಿಸಿ ಕೆಳಗೆ ಇಣುಕಿದ. ಕತ್ತಲೆ. ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಉಸಿರು ಬಿಟ್ಟ. ತಿರುಗಿದ.

"ಅಣ್ಣಾರೀ..."

ಮರದ ಬುಡದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಎರಡು ಗಂಟು, ಒಂದು ಅಲ್ಯೂಮಿನಿಯಂ ಪಾತೆಲಿ. ದೆವ್ವ ಅಲ್ಲ, ಬದುಕಿದ್ದ ಹೆಂಗಸು. ಸುಭದ್ರಾಬಾಯಿ ಅಂತ ಹೆಸರು, ಔರಾದ್ ಕಡೆಯ ಹಳ್ಳಿಯವಳು.

"ಯಾರು ನೀ? ಇಷ್ಟೊತ್ತಿನಾಗ ಇಲ್ಲಿ ಯಾಕ ಕುಂತೀದಿ?" ಪಿಸುದನಿಯಲ್ಲೇ ಕೇಳಿದ.

"ಲಾರಿ ಬರ್ತದಂತರಿ, ಹೈದರಾಬಾದಿಗಿ ಹೋಗೂದು. ನಮ್ಮ ಮನಿಯವ್ರು ಮೂರು ದಿನದ ಹಿಂದ, ಅಲ್ಲಿ ಇರಾಕ ಜಾಗಾ ಹಿಡಿತೀನಂತ ಮುಂದ ಬಂದಿದ್ರು. ಕಾಶೀರಾಮ ಅಂತ. ತಲಿಗಿ ಹಸರ ಟವಲ್ ಸುತ್ತಿರ್ತಾರ. ನೀವು ಈ ಕಡೀಯವ್ರೇನ್ರಿ? ಅವ್ರನ್ನ ಕಂಡಿರೇನ್ರಿ?"

ಗೋರಖನಾಥ ಬಾವಿಗೆ ಬೆನ್ನು ಕೊಟ್ಟು ನಿಂತ.

"ಹೂಂ... ಕಂಡೀನಿ. ಲಾರಿ ಹತ್ತಿ ಹೋದ. ನನ್ನ ಕಣ್ಣಾರ ನೋಡೀನಿ."

"ಹೋದ್ರ? ದೇವ್ರ ನೋಡ್ರಿ ನೀವು." ಅವಳು ಎರಡೂ ಕೈ ಎತ್ತಿ ಮುಗಿದಳು. "ಎದಿ ಡವಡವ ಅನ್ನಾಕತ್ತಿತ್ರಿ. ಈಗ ತಣ್ಣಗಾತು."

ಲಾರಿ ಬಂತು. ಅವಳ ಗಂಟುಗಳನ್ನು ಇವನೇ ಎತ್ತಿಕೊಟ್ಟ. ಕೆಂಪು ದೀಪ ದೂರವಾಯಿತು. ಆಮೇಲೆ ಜೀರುಂಡೆಯ ಸದ್ದು ಕೂಡ ನಿಂತು ಹೋಯಿತು... ಆಗ ಕೇಳಿಸಿತು.

ಟಪ್... ಟಪ್... ಟಪ್.

ಬಾವಿಯೊಳಗಿಂದ. ಅಂಗೈಯಿಂದ ಗಾಜು ಬಡಿದ ಸದ್ದು. ಬಾವಿಯಲ್ಲಿ ಕಲ್ಲಿತ್ತು, ಒಣ ಮಣ್ಣಿತ್ತು. ಗಾಜು ಎಲ್ಲಿತ್ತು?

ಗೋರಖನಾಥನಿಗೆ ಆ ಸದ್ದು ಹೊಸದಲ್ಲ. ಮೂರು ರಾತ್ರಿ ಹಿಂದೆ ಅದನ್ನು ಅವನು ತನ್ನ ಕಾರಿನೊಳಗೆ ಕೂತು ಕೇಳಿದ್ದ. ಆ ಸಂಗತಿ ಹೇಳಬೇಕಾದರೆ ಖಾಸಿಂ ಅಲಿಯ ಗ್ಯಾರೇಜಿನಿಂದ ಶುರು ಮಾಡಬೇಕು.

ಬೀದರಿನಲ್ಲಿ ಆಗ ಇಂಥ ಕಾರಿನವರು ಏಳೆಂಟು ಜನ ಇದ್ದರು. ಭಾನುವಾರ ಬಂತೆಂದರೆ ಖಾಸಿಂ ಅಲಿಯ ಗ್ಯಾರೇಜಿನ ಮುಂದೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಚಹಾ ತರಿಸಿ, ತಾಸುಗಟ್ಟಲೆ ಮಾತು. ಯಾವ ಟೈರು, ಯಾವ ಎಣ್ಣೆ, ಯಾರ ಗಾಡಿ ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ. ಹೆಂಡಿರ ಹುಟ್ಟಿದ ದಿನ ಗೊತ್ತಿಲ್ಲದವರಿಗೂ ಸರ್ವೀಸ್ ತಾರೀಕು ಬಾಯಿಪಾಠ.

ಭಾಲ್ಕಿಯ ನರಸಿಂಗ ಹೇಳುತ್ತಿದ್ದ, "ಸೆಕೆಂಡ್ ಹ್ಯಾಂಡ್ ತಗೊಳ್ಳಾಕ ಹೋದ್ರ ಬಾನೆಟ್ ನೋಡಿ ಮರುಳಾಗಬ್ಯಾಡ್ರಿ. ಡಿಕ್ಕಿ ತೆಗೀರಿ. ಸ್ಟೆಪ್ನಿ ಎತ್ತಿ ಕೆಳಗ ಕೈ ಆಡಸ್ರಿ. ಕೆಸರು ಹತ್ತಿತಂದ್ರ ನೀರಾಗ ಮುಳುಗಿದ ಗಾಡಿ ಅಂತ ತಿಳೀರಿ."

"ಏ ನರಸಿಂಗ, ನಮ್ಮ ಬೀದರದಾಗ ಮುಳುಗಾಕ ನೀರು ಎಲ್ಲ್ಯದಪಾ?" ಅಂದು ಎಲ್ಲರೂ ನಕ್ಕಿದ್ದರು.

ಗೋರಖನಾಥನದೂ ಒಂದು ಉಪದೇಶವಿತ್ತು. "ಹಂಪ್ ಬಂದ್ರ ನೆಟ್ಟಗ ಏರಿಸಬ್ಯಾಡ್ರಿ. ಅಡ್ಡ ತಿರುವಿ ಒಂದೊಂದ ಗಾಲಿ ಹತ್ತಸ್ರಿ. ಇವುಗಳ ಹೊಟ್ಟಿ ನೆಲಕ್ಕ ಹತ್ತಿರ ಇರ್ತದ."

ಆದರೆ ಎಲ್ಲರೂ ಕಿವಿ ನಿಮಿರಿಸಿ ಕೇಳುತ್ತಿದ್ದುದು ಖಾಸಿಂ ಅಲಿಯ ಮಾತನ್ನು. ಅರವತ್ತು ದಾಟಿದ ಮುದುಕ. ಬಾನೆಟ್‌ಗೆ ಕಿವಿ ಕೊಟ್ಟರೆ ಎಂಜಿನ್ನಿನ ಕಾಯಿಲೆ ಹೇಳುವವನು.

"ಬೇಟಾ, ಟರ್ಬೊ ಗಾಡಿ ದೌಡಾಯಿಸಿ ಬಂದ ಕೂಡ್ಲೆ ಕೀ ತಿರುವಬ್ಯಾಡ್ರಿ. ಎಂಜಿನ್ನಿಗಿ ಗಾಳಿ ಊದೂ ಆ ಟರ್ಬೊ ಒಳಗ ಕೆಂಡ ಆಗಿರ್ತದ. ಎಣ್ಣಿ ಓಡೂದು ನಿಂತ್ರ ಅಲ್ಲೇ ಸುಟ್ಟು ಕರಕಾಗ್ತದ. ಒಂದ ಮಿನಿಟ ಚಾಲೂ ಬಿಟ್ಟು ಕುಂದರ್ರಿ. ಓಡಿ ಬಂದ ಕುದುರಿಗಿ ದಮ್ ತಗೊಳ್ಳಾಕ ಬಿಡಂಗಿಲ್ಲೇನು? ಹಂಗ."

ಈ ಮಾತನ್ನು ಗೋರಖನಾಥ ವ್ರತದ ಹಾಗೆ ಹಿಡಿದ. ಮನೆ ಮುಂದೆ ಬಂದು ನಿಂತರೂ ಇಳಿಯುತ್ತಿರಲಿಲ್ಲ. ಒಳಗೆ ಅವನ ಅವ್ವ ಅನುಸೂಯಾಬಾಯಿ ರೊಟ್ಟಿ ಆರುತ್ತದೆ ಅಂತ ಕೂಗುತ್ತಿದ್ದಳು. ಇವನು ಗಾಜಿನ ಒಳಗಿಂದ ಒಂದು ಬೆರಳು ಎತ್ತಿ ತೋರಿಸುತ್ತಿದ್ದ. ಒಂದು ನಿಮಿಷ. ಡ್ಯಾಶ್‌ಬೋರ್ಡಿನ ಗಡಿಯಾರದಲ್ಲಿ ಅಂಕಿ ಬದಲಾದ ಮೇಲೇ ಕೀ ತಿರುಗಿಸುತ್ತಿದ್ದ. ತಮ್ಮ ಮಚ್ಛೇಂದ್ರ, ಬೀದರಿನಲ್ಲಿ ಡಿಪ್ಲೊಮಾ ಓದುತ್ತಿದ್ದ ಹುಡುಗ, ಅಣ್ಣನನ್ನು ಅಣಕಿಸುತ್ತಿದ್ದ. ಅವ್ವ ಏನೇ ಕೆಲಸ ಹೇಳಲಿ, ಬೆರಳು ಎತ್ತಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಮೂವರೂ ನಗುತ್ತಿದ್ದರು.

ಏಪ್ರಿಲಿನ ಒಂದು ಭಾನುವಾರ ಗೋರಖನಾಥ ಔರಾದಿಗೆ ಹೋದವನು ರಾತ್ರಿ ಒಬ್ಬನೇ ವಾಪಸು ಹೊರಟ. ಖಾಲಿ ರಸ್ತೆ. ವೇಗದ ಮುಳ್ಳು ನೂರಾ ಐವತ್ತರ ಹತ್ತಿರ. ಆಲದ ಮರದ ತಿರುವು ಬಂತು.

ಮರದ ಕೆಳಗೆ ಕಾಶೀರಾಮ ಕೂತಿದ್ದ. ದೂರದಲ್ಲಿ ದೀಪ ಕಂಡಿತು. ತಾನು ಕಾಯುತ್ತಿದ್ದ ಲಾರಿ ಅಂದುಕೊಂಡ. ಎದ್ದು ರಸ್ತೆಗೆ ಬಂದು ಕೈ ಎತ್ತಿದ.

ಗೋರಖನಾಥ ಬ್ರೇಕ್ ತುಳಿದ. ಟೈರು ಕಿರ್ರ್ ಅಂತ ಬಹಳ ದೂರ ಕಿರುಚಿತು. ಆದರೂ... ಧಪ್! ಮಾಳಿಗೆ ಮೇಲಿಂದ ಜೋಳದ ಚೀಲ ಬಿದ್ದ ಸದ್ದು. ಬಾನೆಟ್ ಮೇಲೆ ಒಂದು ಮುಖ ಬಂದು ಹೋಯಿತು. ಕಾರಿನ ಚಾವಣಿ ಮೇಲೆ ಧಡಧಡ ಉರುಳಿದ್ದು ಕೇಳಿತು. ಹಿಂದೆ ರಸ್ತೆಗೆ ಬಿದ್ದಿದ್ದೂ ಕೇಳಿತು. ಕಾರು ನಾಲ್ಕು ಮಾರು ಮುಂದೆ ಹೋಗಿ ನಿಂತಿತು.

ಗೋರಖನಾಥನ ಕೈ ಕೀ ಮೇಲೆ ಹೋಯಿತು... ಅಲ್ಲೇ ನಿಂತಿತು. ಗಡಿಯಾರದಲ್ಲಿ ಹತ್ತು ನಲವತ್ತೊಂದು. ಎಂಜಿನ್ ಕೆಂಡವಾಗಿದೆ. ಒಂದು ನಿಮಿಷ ಬಿಡಬೇಕು.

ಎಂಜಿನ್ ಚಾಲೂ ಬಿಟ್ಟೇ ಇಳಿಯಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಆಮೇಲೆ ಎಲ್ಲರೂ ಅದನ್ನೇ ಕೇಳಿದರು. ಕೈಗೆ ರೂಢಿಯಾಗಿತ್ತು, ಕೂತುಬಿಟ್ಟ. ಆ ರೂಢಿಯ ಹಿಂದೆ ಅಡಗಿಕೊಂಡ ಅನ್ನುವುದೂ ನಿಜ.

ಕನ್ನಡಿಯಲ್ಲಿ ಕಂಡಿತು. ಹಿಂದಿನ ಕೆಂಪು ದೀಪದ ಬೆಳಕಿನಲ್ಲಿ ಮನುಷ್ಯ ತೆವಳುತ್ತಿದ್ದ. ಒಂದು ಕಾಲು ಹಿಂದುಮುಂದಾಗಿ ತಿರುಗಿತ್ತು. ಮೊಣಕಾಲಿನ ಎಲುಬು ಧೋತರ ಹರಿದು ಹೊರಗೆ ಬಂದಿತ್ತು. ಮೊಣಕೈ ಊರಿ, ಸೊಂಟ ಎಳೆದು, ಮತ್ತೆ ಮೊಣಕೈ ಊರಿ... ಬಂದ. ಹಿಂದಿನ ಬಾಗಿಲಿಗೆ ಕೈ ಹತ್ತಿಸಿದ.

ಟಪ್... ಟಪ್... ಟಪ್.

"ಸಾಬ್ರ... ಬಾಗಲಾ ತೆಗೀರಿ..." ಬಾಯಿಂದ ರಕ್ತದ ಜೊತೆಗೇ ಮಾತು ಬರುತ್ತಿತ್ತು. "ದವಾಖಾನಿಗಿ... ಒಯ್ರಿ ಸಾಬ್ರ..."

ಗೋರಖನಾಥ ಹಿಂದೆ ತಿರುಗಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದ.

ಹತ್ತು ನಲವತ್ತೆರಡಾಯಿತು. ಕೀ ತಿರುಗಿಸಿದ. ಇಳಿದ. ಅಷ್ಟರಲ್ಲಿ ಕಾಶೀರಾಮ ಬಾಗಿಲಿಗೆ ಒರಗಿಕೊಂಡೇ ಸತ್ತಿದ್ದ. ಅಂಗೈ ಗಾಜಿಗೆ ಅಂಟಿತ್ತು. ಕಿತ್ತು ತೆಗೆಯಬೇಕಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಕಾಲು ಹಿಡಿದು ಎಳೆದ. ಬಾವಿ ಕಟ್ಟೆಗೆ ಎತ್ತಿ ನೂಕಿದ. ನೀರಿದ್ದರೆ ಧುಡುಮ್ ಅನ್ನುತ್ತಿತ್ತು. ನೀರಿಲ್ಲದ ಬಾವಿಯ ಸದ್ದೇ ಬೇರೆ... ತಲೆ ಮೂರು ಸಲ ಕಲ್ಲಿಗೆ ತಾಗಿದ್ದು ಎಣಿಸಬಹುದಿತ್ತು. ಮೇಲಿಂದ ನಾಲ್ಕು ಬುಟ್ಟಿಯಷ್ಟು ಕಲ್ಲು ಮಣ್ಣು ತಳ್ಳಿದ. ಮನೆಗೆ ಬಂದು ಟ್ಯಾಂಕರ್ ನೀರಿನಿಂದ ಕಾರಿನ ರಕ್ತ ತೊಳೆದ. ಆ ವರ್ಷ ಯಾರನ್ನೂ ಯಾರೂ ಹುಡುಕುವಂತಿರಲಿಲ್ಲ. ಕಾಣದಿದ್ದವನು ಗುಳೆ ಹೋದ ಅಂತಲೇ ಊರು ತಿಳಿಯುತ್ತಿತ್ತು.

ಸುಭದ್ರಾಬಾಯಿಗೆ ಸುಳ್ಳು ಹೇಳಿ ಬಂದ ರಾತ್ರಿಯಿಂದ ಕಾರು ಬದಲಾಯಿತು.

ಮರುದಿನ ಸಂಜೆ ಬೀದರಿನಿಂದ ಬಂದ. ಮನೆ ಮುಂದೆ ನಿಲ್ಲಿಸಿ ಆ ಒಂದು ನಿಮಿಷ ಕೂತ. ಟಪ್... ಟಪ್... ಟಪ್. ಹಿಂದಿನ ಗಾಜು. ಹೊರಗೆ ಯಾರೂ ಇರಲಿಲ್ಲ. ಇನ್ನು ಕಾಯುವುದೇ ಬೇಡ ಅಂತ ಮಾರನೇ ದಿನ ನಿಂತ ತಕ್ಷಣ ಕೀ ತಿರುಗಿಸಿ ಕಿತ್ತುಕೊಂಡ. ಕೀ ಕೈಯಲ್ಲಿತ್ತು. ಎಂಜಿನ್ ನಿಲ್ಲಲಿಲ್ಲ. ಗುರ್ರ್... ಅಂತ ತನ್ನ ಪಾಡಿಗೆ ಓಡುತ್ತಿತ್ತು. ಬಾಗಿಲು ತೆರೆಯಲು ಹೋದ, ತೆರೆಯಲಿಲ್ಲ. ಗಡಿಯಾರದ ಅಂಕಿ ಬದಲಾಯಿತು. ಎಂಜಿನ್ ನಿಂತಿತು. ಬಾಗಿಲಿನ ಲಾಕು ಖಟ್ ಅಂತ ತಾನೇ ಬಿಟ್ಟಿತು. ಇಳಿದು ನೋಡಿದರೆ ಹಿಂದಿನ ಗಾಜಿನ ಮೇಲೆ ಧೂಳಿನ ಅಂಗೈ ಗುರುತು. ಒರೆಸಿದ. ಹೋಗಲಿಲ್ಲ. ಗುರುತು ಗಾಜಿನ ಒಳಗಡೆ ಇತ್ತು.

ಕಾರನ್ನು ಖಾಸಿಂ ಅಲಿಯ ಹತ್ತಿರ ಒಯ್ದ. ಮುದುಕ ಬಾನೆಟ್‌ಗೆ ಕಿವಿ ಕೊಟ್ಟ. ಬಹಳ ಹೊತ್ತು ಕೊಟ್ಟ. ಆಮೇಲೆ ಗಾಡಿ ಕೆಳಗೆ ನುಸುಳಿ ಹೊರಬಂದ. ಕೈಯಲ್ಲಿ ಹಸಿರು ಟವೆಲಿನ ಚೂರು. ಒಣಗಿ ಗಟ್ಟಿಯಾಗಿತ್ತು.

"ಯಾರಿಗರೆ ಬಡಿದೇನು, ಬೇಟಾ?" ಪಿಸುಗುಟ್ಟಿದ.

"ಇಲ್ಲ ಚಾಚಾ."

"ನನ್ನ ಮಾರಿ ನೋಡಿ ಹೇಳು."

"...ನಾಯಿ ಚಾಚಾ. ನಾಯಿಗಿ ಬಡೀತು."

ಖಾಸಿಂ ಅಲಿ ಟವೆಲಿನ ಚೂರನ್ನು ನೋಡಿದ, ಇವನನ್ನು ನೋಡಿದ. "ನಾಯಿ ತಲಿಗಿ ಟವಲ್ ಸುತ್ತಂಗಿಲ್ಲ. ಈ ಎಂಜಿನ್ನಿನಾಗ ಉಸಿರಿನ ಸದ್ದು ಅದ, ಗೋರಖ. ಯಾರೋ ಸಾಯೂ ಮುಂದ ಬಿಡೂ ಉಸಿರು. ನನಗ ಹೇಳಬ್ಯಾಡ. ಆದ್ರ ಯಾರಿಗಿ ಹೇಳಬೇಕೋ ಅವ್ರಿಗಿ ಹೋಗಿ ಹೇಳು. ಅಲ್ಲೀತನ ಈ ಗಾಡ್ಯಾಗ ನಿನ್ನವ್ರು ಯಾರೂ ಕುಂದರಬಾರ್ದು."

ಗೋರಖನಾಥ ಕಾರಿಗೆ ಹೊದಿಕೆ ಹಾಕಿದ. ಕೀ ತೆಗೆದು ಜೋಳದ ಡಬ್ಬಿಯ ತಳದಲ್ಲಿ ಹೂತ. ಭಾನುವಾರದ ಚಹಾ ನಿಂತಿತು. ಮಚ್ಛೇಂದ್ರ ಬಿಡಲಿಲ್ಲ. ಪರೀಕ್ಷೆ ಮುಗಿದಿತ್ತು, ದೋಸ್ತರ ಮುಂದೆ ಒಂದು ಸಲ ಓಡಿಸಬೇಕು ಅಂತ ಅವನ ಆಸೆ.

"ಯಾಕ ಅಣ್ಣಾ? ನಾ ಏನ ಪರಕೀ ಮನಿಯವ್ನ? ಕಾರಣ ಒಂದ ಹೇಳು, ಮತ್ತ ಕೇಳಂಗಿಲ್ಲ. ಅವ್ವನ ಆಣಿ."

ಗೋರಖನಾಥ ಬಾಯಿ ತೆರೆದ. ಹೇಳಿದರೆ ತಾನು ಜೈಲಿಗೆ. ಹೇಳದಿದ್ದರೆ ತಮ್ಮ ಆ ಕಾರಿಗೆ. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವನ ಬಾಯಿಂದ ಬಂದದ್ದು, "ಗಾಡಿ ಖರಾಬ್ ಆಗ್ಯದ. ಸುಮ್ ಕುಂದರು." ಅಷ್ಟೇ. ನನಗೆ ಅವನ ಮೇಲೆ ಸಿಟ್ಟು ಬರುವುದು ಕಾಶೀರಾಮನ ರಾತ್ರಿಗಿಂತ ಈ ಮಾತಿಗೆ.

ಮೇ ತಿಂಗಳ ಭಾನುವಾರ. ಮಟಮಟ ಮಧ್ಯಾಹ್ನ. ರಾತ್ರಿಯಲ್ಲ, ನೋಡಿ... ನೆರಳು ಕಾಲ ಕೆಳಗಿರುವ ಹೊತ್ತು. ಗೋರಖನಾಥ ಊಟಕ್ಕೆ ಕೂತಿದ್ದ. ಹೊರಗೆ ಗುರ್ರ್ ಅಂದಿತು.

"ಅವ್ವಾ! ಗಾಡಿ ಯಾರು ಚಾಲೂ ಮಾಡ್ಯಾರ?"

"ನಿನ್ನ ತಮ್ಮ. ಹಿಟ್ಟಿಗಿ ಜೋಳ ತೆಗ್ಯಾಕ ಹೋದ್ರ ಡಬ್ಬ್ಯಾಗ ಕೀ ಸಿಕ್ತು. ಹುಡುಗ ತಿಂಗಳಿಂದ ಮಾರಿ ಸಣ್ಣ ಮಾಡ್ಕೊಂಡಾನ, ನಾನ ಕೊಟ್ಟೀನಿ. ಒಂದ ಸುತ್ತು ಹೊಡ್ಕೊಂಡು ಬರ್ಲಿ ಬಿಡು."

ಎಂಜಲು ಕೈಯಲ್ಲೇ ಓಡಿದ. ಬೈಕಿಗೆ ಒದ್ದು ಚಾಲೂ ಮಾಡಿದ. ಮುಂದೆ ಔರಾದ್ ರಸ್ತೆಯಲ್ಲಿ ನೀಲಿ ಕಾರು ಆಗಲೇ ಬೆರಳುದ್ದ ಕಾಣುತ್ತಿತ್ತು. "ಮಚ್ಛಾ! ಮಚ್ಛಾ!" ಅಂತ ಕೂಗಿದ. ಗಾಳಿಗೆ ಕೂಗು ಅವನ ಬಾಯಿಗೇ ವಾಪಸು ಬಂತು.

ಆಲದ ಮರದ ಪಕ್ಕದ ಹೊಲದಲ್ಲಿ ಕುರಿ ಕಾಯುತ್ತಿದ್ದ ಪಂಢರಿ ಕಣ್ಣಾರೆ ಕಂಡವನು. ಅವನು ಹೇಳಿದ್ದು, ತಿರುವಿನಲ್ಲಿ ಹುಡುಗ ಸ್ಟೇರಿಂಗನ್ನು ಎರಡೂ ಕೈಯಿಂದ ಈ ಕಡೆ ಎಳೆಯುತ್ತಿದ್ದನಂತೆ. ಕಾರು ಆ ಕಡೆ ಹೋಯಿತಂತೆ. ಬ್ರೇಕಿನ ಗುರುತು ಒಂದು ಗೇಣು ಕೂಡ ಬೀಳಲಿಲ್ಲ. ನೆಟ್ಟಗೆ ಆಲದ ಮರಕ್ಕೆ.

ಗೋರಖನಾಥ ಬೈಕನ್ನು ಓಡುತ್ತಿದ್ದಂತೆಯೇ ಬಿಟ್ಟು ಹಾರಿದ. ಬಾನೆಟ್ ಮಡಚಿ ಮುಂದಿನ ಗಾಜಿನವರೆಗೂ ಬಂದಿತ್ತು. ಆ ಗಾಜಿನ ಒಳಮೈಯಿಂದ ರಕ್ತ ಇಳಿಯುತ್ತಿತ್ತು. ಸ್ಟೇರಿಂಗ್ ಮಚ್ಛೇಂದ್ರನ ಎದೆಯೊಳಗೆ ಕೂತಿತ್ತು. ಪಕ್ಕೆಲುಬು ಅಂಗಿ ಹರಿದುಕೊಂಡು ಹೊರಗೆ ಇಣುಕುತ್ತಿದ್ದವು. ದವಡೆ ಒಂದು ಕಡೆ ಜೋತುಬಿದ್ದಿತ್ತು. ಆದರೆ ಕಣ್ಣು ತೆರೆದಿದ್ದವು. ಬದುಕಿದ್ದ.

ಎಂಜಿನ್... ಎಂಜಿನ್ ಇನ್ನೂ ಓಡುತ್ತಿತ್ತು. ಏನೂ ಆಗದ ಹಾಗೆ, ಮನೆ ಮುಂದೆ ನಿಂತ ಹಾಗೆ, ಸಣ್ಣಗೆ.

ಮಚ್ಛೇಂದ್ರ ಕೈ ಎತ್ತಿದ. ಟಪ್... ಟಪ್... ಟಪ್.

"ಅಣ್ಣಾ... ಬಾಗಲಾ... ತೆಗಿ..."

ಗೋರಖನಾಥ ಹಿಡಿಕೆ ಎಳೆದ. ಬರಲಿಲ್ಲ. ಕಲ್ಲು ಎತ್ತಿ ಗಾಜಿಗೆ ಹೊಡೆದ. ಕಲ್ಲು ಒಡೆಯಿತು. ಗಾಜಿಗೆ ಗೀರು ಬೀಳಲಿಲ್ಲ. ಮುಷ್ಟಿಯಿಂದ ಹೊಡೆದ. ಮೂರು ಬೆರಳು ಲಟಲಟ ಮುರಿದವು. ಮುರಿದ ಬೆರಳಿನಿಂದಲೇ ಹೊಡೆದ, ಎಲುಬು ಗಾಜಿಗೆ ಕೊರೆಯುವವರೆಗೂ ಹೊಡೆದ. "ಬಿಡು! ಅವನ್ನ ಬಿಡು! ನನ್ನ ತಗೋ!" ಅಂತ ಅರಚಿದ. ಪಂಢರಿ ಕುರಿ ಬಿಟ್ಟು ಓಡಿ ಬಂದ. ಅವನ ಕೊಡಲಿಯ ಏಟಿಗೂ ಗಾಜು ಬಗ್ಗಲಿಲ್ಲ.

ಆಗ ಗೋರಖನಾಥನಿಗೆ ಕಂಡಿತು. ಹಿಂದಿನ ಸೀಟಿನಲ್ಲಿ ಒಬ್ಬರು ಕೂತಿದ್ದರು. ತಲೆಗೆ ಹಸಿರು ಟವೆಲ್. ಮುಖ ಗಡಿಯಾರದ ಕಡೆಗೆ.

ಈ ಕಡೆ ತಿರುಗಲಿಲ್ಲ. ಒಂದು ಬೆರಳು ಎತ್ತಿ ತೋರಿಸಿದರು.

ಮಚ್ಛೇಂದ್ರನ ಕೈ ಗಾಜಿನ ಮೇಲಿಂದ ಸ್ವಲ್ಪ ಸ್ವಲ್ಪವೇ ಜಾರಿತು. ಐದು ಬೆರಳಿನ ಐದು ಕೆಂಪು ಗೆರೆ. ಗೋರಖನಾಥ ಗಾಜಿಗೆ ಮುಖ ಒತ್ತಿ ತಮ್ಮನ ಹೆಸರು ಹಿಡಿದು ಅಳುತ್ತಿದ್ದ. ಒಳಗೆ ಅಂಕಿ ಬದಲಾಯಿತು.

ಎಂಜಿನ್ ನಿಂತಿತು.

ಖಟ್. ಬಾಗಿಲು ತಾನೇ ತೆರೆಯಿತು. ಮಚ್ಛೇಂದ್ರ ಅಣ್ಣನ ತೋಳಿನ ಮೇಲೆ ಬಿದ್ದ. ಮೈ ಬಿಸಿಯಾಗಿತ್ತು. ಉಸಿರು ಇರಲಿಲ್ಲ. ಹಿಂದಿನ ಸೀಟು ಖಾಲಿ.

ಜನ ಸೇರಿದರು. ಗೋರಖನಾಥ ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಯಾರೋ ನೀರು ಕೊಟ್ಟರು, ಕುಡಿಯಲಿಲ್ಲ. ಮುರಿದ ಕೈಯಿಂದ ಬಾವಿ ತೋರಿಸಿದ. "ಅಲ್ಲಿ ಒಬ್ಬವ ಇದ್ದಾನ್ರಿ. ತೆಗೀರಿ. ನಾನ ಹಾಕೀನಿ." ಆ ಹೊತ್ತಿನವರೆಗೆ ನುಂಗಿಟ್ಟದ್ದನ್ನೆಲ್ಲ ಊರ ಮುಂದೆ ಹೇಳಿದ. ಆದರೆ ಕೇಳಬೇಕಾಗಿದ್ದ ತಮ್ಮ ಕೇಳಿಸಿಕೊಳ್ಳುವಂತಿರಲಿಲ್ಲ.

ಬಾವಿಯಿಂದ ಹೆಣ ತೆಗೆದರು. ಸುಭದ್ರಾಬಾಯಿಯನ್ನು ಹೈದರಾಬಾದಿನಿಂದ ಕರೆಸಿದರು. ಒಂದು ತಿಂಗಳು ಅವಳು ಒಂದೊಂದು ಕಟ್ಟಡದ ಕೆಲಸದ ಜಾಗಕ್ಕೂ ಹೋಗಿ ಗಂಡನ ಹೆಸರು ಕೂಗಿ ಬಂದಿದ್ದಳು. ಪೊಲೀಸರ ನಡುವೆ ನಿಂತಿದ್ದ ಗೋರಖನಾಥನನ್ನು ನೋಡಿದಳು. ಬಯ್ಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ.

"ನೀವ ಅಂದಿದ್ರಲ್ಲರಿ ಅಣ್ಣಾ, ಲಾರಿ ಹತ್ತಿ ಹೋದ್ರಂತ." ಪಿಸುದನಿಯಲ್ಲೇ ಅಂದಳು. "ನಾ ನಿಮಗ ಕೈ ಮುಗಿದು ಹೋಗಿದ್ನಿ."

ಗೋರಖನಾಥ ಶಿಕ್ಷೆ ಮುಗಿಸಿ ಬಂದಿದ್ದಾನೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಅನುಸೂಯಾಬಾಯಿ ಅವನಿಗೆ ರೊಟ್ಟಿ ಹಾಕುತ್ತಾಳೆ, ಮಾತಾಡುವುದಿಲ್ಲ. ಬೀದರಿಗೆ ಹೋಗಬೇಕಾದರೂ ನಡೆದೇ ಹೋಗುತ್ತಾನೆ. ಬೇಕಾದರೆ ಬೆಳಿಗ್ಗೆ ರಸ್ತೆಯಲ್ಲಿ ನಿಂತು ನೋಡಿ, ಎಡಗಡೆ ಅಂಚಿಗೆ ತಲೆ ತಗ್ಗಿಸಿ ಹೋಗುತ್ತಿರುತ್ತಾನೆ.

ಕಾರು ಖಾಸಿಂ ಅಲಿಯ ಗ್ಯಾರೇಜಿನ ಹಿಂದೆ ಇಟ್ಟಿಗೆ ಮೇಲೆ ನಿಂತಿದೆ. ಕೋರ್ಟಿನ ಕೆಲಸ ಮುಗಿದ ಮೇಲೆ ಮುದುಕ ತಾನೇ ಅದರ ಎಂಜಿನ್ ಬಿಚ್ಚಿ, ಟರ್ಬೊ ಕಿತ್ತು, ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕಿದ. ಬ್ಯಾಟರಿ ಇಲ್ಲ. ಒಳಗೆ ಒಂದು ತಂತಿಯೂ ಇಲ್ಲ. ಸುಮ್ಮನೆ ತಗಡು.

ನೀವು ನಂಬುವುದಿಲ್ಲ, ಗೊತ್ತು. ಆದರೆ ಬೀದರಿನ ಡಿಸೆಂಬರ್ ಚಳಿ ನಿಮಗೂ ಗೊತ್ತು. ಆ ಗ್ಯಾರೇಜಿನಲ್ಲಿ ಒಂದು ಬೂದು ಬೆಕ್ಕಿದೆ. ಮಲಗಲು ಗೋಣಿಚೀಲ ಇದೆ, ಒಲೆಯ ಮೂಲೆ ಇದೆ, ಸಂಜೆ ಓಡಿ ಬಂದು ನಿಂತ ಹತ್ತು ಗಾಡಿಗಳಿವೆ. ಅದು ಎಲ್ಲ ಬಿಟ್ಟು ಹೋಗಿ ಆ ಮಡಚಿದ ನೀಲಿ ಬಾನೆಟ್ ಮೇಲೆ ಮಲಗುತ್ತದೆ. ಯಾರೋ ಹೇಳಿದ್ದು ಕೇಳಿ ಹೇಳುತ್ತಿಲ್ಲ. ಹೋದ ಅಮಾವಾಸ್ಯೆಯ ಮಾರನೇ ದಿನ ನಸುಕಿನಲ್ಲಿ ಬೆಕ್ಕನ್ನು ಎತ್ತಿ ಕೆಳಗಿಟ್ಟು, ಬಾನೆಟ್ ಮೇಲೆ ಅದು ಮಲಗದ ಕಡೆ ಇದೇ ಕೈ ಇಟ್ಟು ನೋಡಿದ್ದೇನೆ.

ಬಿಸಿ ಇತ್ತು.